ಹಕ್ಕಿ ಬಿತ್ತಿದ ಅಂಗಳ

"ಅದನ್ನ ಕೀಳಬ್ಯಾಡ್ರಿ."

ಸ್ನೇಹಲತಾಳ ಕೈ ಕುಡುಗೋಲಿನ ಮೇಲೆ ಹಾಗೆಯೇ ನಿಂತಿತು.

ಗೇಟಿನ ಆಚೆ ಒಬ್ಬ ಗಂಡಸು. ಮೂವತ್ತೆಂಟೋ ನಲವತ್ತೋ ಇರಬಹುದು. ಹೆಗಲಲ್ಲಿ ಬಟ್ಟೆಯ ಚೀಲ, ಕೊರಳಲ್ಲಿ ದಾರಕ್ಕೆ ಕಟ್ಟಿದ ಭೂತಗನ್ನಡಿ. ಅವನು ನೋಡುತ್ತಿದ್ದದ್ದು ಅವಳನ್ನಲ್ಲ, ಅವಳ ಎಡಗೈಯಲ್ಲಿದ್ದ ಗಿಡದ ಬುಡವನ್ನು.

'ಭಾನುವಾರ ಬೆಳಿಗ್ಗೆ... ವಾರಕ್ಕೊಂದೇ ರಜೆ... ಅದರಲ್ಲೂ ಅಪ್ಪಣೆ ಕೊಡುವವರು ಗೇಟಿಗೇ ಬರುತ್ತಾರೆ' ಎಂದುಕೊಂಡಳು. ಸಿಟ್ಟು ಬರಬೇಕಿತ್ತು. ಬರಲಿಲ್ಲ. ಸಿಟ್ಟಿಗೂ ಸ್ವಲ್ಪ ತ್ರಾಣ ಬೇಕು.

ಅವಳ ವಯಸ್ಸು ಮೂವತ್ತೇಳು. ಬೇಗಂಪೇಟೆಯ ಒಂದು ಕೊರಿಯರ್ ಕಚೇರಿಯಲ್ಲಿ ದೂರು ಕೇಳುವ ಕೆಲಸ. ಪಾರ್ಸಲ್ ಕಳೆದುಕೊಂಡವರು ಬೈಯುತ್ತಾರೆ. ಇವಳು ತೆಲುಗು, ಹಿಂದಿ, ಇಂಗ್ಲಿಷ್ ಮೂರರಲ್ಲೂ ಕ್ಷಮೆ ಕೇಳುತ್ತಾಳೆ, ದಿನಕ್ಕೆ ನೂರು ಸಲ, ತನ್ನದಲ್ಲದ ತಪ್ಪಿಗೆ. ಮನೆಗೆ ಬರುವ ಹೊತ್ತಿಗೆ ಕನ್ನಡಕ್ಕೆ ಉಳಿದಿರುತ್ತಿದ್ದದ್ದು "ಉಂಡಿ ಏನಪ್ಪಾ?" ಎಂಬ ಎರಡು ಪದ ಮಾತ್ರ.

ಮನೆ ಸನತ್‌ನಗರದಲ್ಲಿ, ಕಾರ್ಖಾನೆಯ ಹಳೆಯ ಕ್ವಾರ್ಟರ್ಸಿನ ಸಾಲಿನಲ್ಲಿ. ಮುಂದೆ ಎರಡು ಮಂಚದಷ್ಟು ಅಂಗಳ. ತಾಯಿ ಶರಣಬಸಮ್ಮ ಇರುವ ತನಕ ಅದು ಅಂಗಳವಾಗಿತ್ತು. ಅವರು ತೀರಿಕೊಂಡು ವರ್ಷ ದಾಟಿದ ಮೇಲೆ ಏನೇನೋ ಎದ್ದು ನಿಂತಿದ್ದವು. ಟೈಲ್ಸ್ ಹಾಕಿಸಿಬಿಡೋಣ ಎಂದು ಸ್ನೇಹಲತಾ ತೀರ್ಮಾನಿಸಿದ್ದಳು. ಗುಡಿಸಿದರೆ ಮುಗಿಯಬೇಕು. ಬದುಕಿನಲ್ಲಿ ಅಷ್ಟಾದರೂ ಮುಗಿಯುವಂಥದ್ದು ಇರಬೇಕು.

ವಿಷದ ಗಿಡವೇನಾದರೂ ಇದ್ದರೆ ಎಂಬ ಅಂಜಿಕೆಗೆ, ಹಿಂದಿನ ದಿನ ಎಂಟು ಫೋಟೋ ತೆಗೆದು ಕನ್ನಡ ಬಳಗದ ವಾಟ್ಸಾಪ್ ಗುಂಪಿಗೆ ಹಾಕಿದ್ದಳು. ಎಂಟಕ್ಕೂ ಒಬ್ಬರು "ಶುಗರಿಗೆ ಭಾಳ ಛಲೋ" ಎಂದು ಬರೆದರು. ಗಿಡದ ಹೆಸರು ಹೇಳುವ ಮೊಬೈಲ್ ಆ್ಯಪ್, ಒಂದು ಗಿಡವನ್ನು ಯುರೋಪಿನ ಹೂವೆಂದಿತು. ಫೋಟೋದ ಮೂಲೆಗೆ ಬಂದಿದ್ದ ಅಪ್ಪನ ಹೆಬ್ಬೆರಳನ್ನು ಅಣಬೆ ಎಂದಿತು. ಕೊನೆಗೆ ಗುಂಪಿನ ಯಜಮಾನಿ, ಪಕ್ಕದ ಬೀದಿಯ ಗೋದಾಬಾಯಿ, "ಗೊತ್ತಿರೋ ಮನಷ್ಯಾನ್ನ ಕಳಸ್ತೀನಿ, ಟೆನ್ಶನ್ ನಕ್ಕೋ, ಚಿಂತಿ ಬ್ಯಾಡ" ಎಂದು ಧ್ವನಿ ಸಂದೇಶ ಕಳಿಸಿದ್ದರು.

ಗೊತ್ತಿರುವ ಮನುಷ್ಯ ಈಗ ಚಪ್ಪಲಿ ಬಿಟ್ಟು ಒಳಗೆ ಬಂದ. ಮಣ್ಣಿಗೆ ಕಾಲಿಡುವಾಗ ಚಪ್ಪಲಿ ಬಿಡುವವರನ್ನು ಅವಳು ಹೈದರಾಬಾದಿನಲ್ಲಿ ನೋಡಿ ಎಷ್ಟೋ ಕಾಲವಾಗಿತ್ತು.

ಹೆಸರು ವಿಶ್ವಜಿತ್ ಎಂದ. ಬೀಜ ಪರೀಕ್ಷೆಯ ಕಚೇರಿಯಲ್ಲಿ ಕೆಲಸ. ಒಂದು ಹಿಡಿ ಬೀಜ ಕೊಡುತ್ತಾರೆ. ಅದರಲ್ಲಿ ಬೆಳೆಯ ಬೀಜ ಯಾವುದು, ಕಳೆಯ ಬೀಜ ಯಾವುದು ಎಂದು ಬೇರೆ ಮಾಡಬೇಕು. ಹದಿನಾರು ವರ್ಷದಿಂದ ಅದೇ.

"ಇದು ಕಾಂಗ್ರೆಸ್ ಕಸ. ಬರಿಗೈಲೆ ಬ್ಯಾಡ ಅಂದೆ, ಕೈಗೆ ಪ್ಲಾಸ್ಟಿಕ್ ಚೀಲಾ ಸುತ್ತಿಕೊಂಡು ಕೀಳ್ರಿ, ತುರಿಕಿ ಬರತೈತಿ. ಇಲ್ಲಿ ಮಂದಿ ಇದಕ್ಕ ವಯ್ಯಾರಿಭಾಮ ಅಂತಾರ."

ಒಯ್ಯಾರದ ಚೆಲುವೆ! ಸ್ನೇಹಲತಾ ಆ ಗಿಡವನ್ನು ಎರಡನೇ ಸಲ ನೋಡಿದಳು. ಕಳೆಗೆ ಇಂಥ ಹೆಸರು ಸಿಕ್ಕಿದೆ. ತನಗೆ ಮದುವೆಯ ಮಧ್ಯಸ್ಥರ ವಹಿಯಲ್ಲಿ ಇರುವ ಹೆಸರು 'ಸ್ವಲ್ಪ ವಯಸ್ಸಾಗೇದ'.

ಅವನು ಕುಕ್ಕರಗಾಲಲ್ಲಿ ಮುಂದೆ ಸರಿಯುತ್ತ ಒಂದೊಂದನ್ನೇ ಹೇಳುತ್ತ ಹೋದ. ಇದು ಉತ್ತರಾಣಿ, ಸೀರೆಗೆ ಅಂಟುತ್ತದೆ, ಕೀಳಬಹುದು. ಇದು ಗೋಳಿ ಪಲ್ಯ, ಇಲ್ಲಿಯವರ ಗಂಗವಾಯಿಲಿ. ಕಿತ್ತರೂ ಎಸೆಯಬಾರದು, ಬೇಳೆಗೆ ಹಾಕಬೇಕು. ಗೋಡೆಯ ಹತ್ತಿರ ಬಂದಾಗ ಅವನ ದನಿ ಬದಲಾಯಿತು.

"ಇವು ಕಸ ಅಲ್ಲರಿ. ಅಗಸಿ. ಇದು ಕುಸುಬಿ. ಇದು ಕಡಲಿ, ಅಲ್ಲಿ ಗುರೆಳ್ಳು. ಇವನ್ನ ಯಾರೋ ಬಿತ್ಯಾರ."

"ಯಾರೂ ಬಿತ್ತಿಲ್ಲ. ಈ ಮನ್ಯಾಗ ಇರೋದು ಇಬ್ಬರ."

"ಇಷ್ಟೂ ಕೂಡಿ ತಾವಾಗೇ ಸನತ್‌ನಗರಕ್ಕ ಬರೂದಿಲ್ಲ. ಅದೂ ಗೋಡಿ ಗುಂಟ, ಸುತ್ತೂ ಕಡೆ..."

ಅವನ ಕಣ್ಣು ಬಾಗಿಲ ಕಡೆ ಹೋಯಿತು. ಬಾಗಿಲ ಬಳಿ ಪ್ಲಾಸ್ಟಿಕ್ ಕುರ್ಚಿಯಲ್ಲಿ ಅವಳ ತಂದೆ ಕಲ್ಯಾಣಪ್ಪ ಪೇಪರ್ ಓದುತ್ತಿದ್ದರು. ಪಂಪಿನ ಕಾರ್ಖಾನೆಯಲ್ಲಿ ಫಿಟ್ಟರ್ ಆಗಿ ನಿವೃತ್ತರಾದವರು. ಹೆಂಡತಿ ಹೋದ ಮೇಲೆ ಅವರ ಮಾತೂ ನಿವೃತ್ತವಾಗಿತ್ತು. ಟೈಲ್ಸ್ ಎಂದಾಗ "ಇರ್ಲಿ ಬಿಡು" ಎಂದಿದ್ದರು, ಯಾಕೆಂದು ಹೇಳಿರಲಿಲ್ಲ. ಈಗ ಅವರು ಪೇಪರನ್ನು ಮುಖ ಮುಚ್ಚುವಷ್ಟು ಮೇಲೆತ್ತಿದರು.

ವಿಶ್ವಜಿತ್ ಪೇಪರನ್ನು ನೋಡಿದ. ಗೋಡೆಯನ್ನು ನೋಡಿದ.

"ಹಕ್ಕಿ ತಂದಿರಬೇಕು" ಎಂದ.

ನಲ್ಲಿಯ ಮೂಲೆಯಲ್ಲಿ ಕೊನೆಯದೊಂದು ಗಿಡ. ಗೇಣುದ್ದ, ಎಲೆಯ ತುಂಬ ಸಣ್ಣ ರೋಮ. ಅವನು ಭೂತಗನ್ನಡಿ ಹಿಡಿದು ಬಹಳ ಹೊತ್ತು ಕೂತ.

"ಗೊತ್ತಿಲ್ಲ" ಎಂದ.

ಸ್ನೇಹಲತಾ ಮುಂದಿನ ಮಾತಿಗೆ ಕಾದಳು. ಮುಂದಿನ ಮಾತು ಇರಲಿಲ್ಲ.

ಅವಳನ್ನು ನೋಡಲು ಇದುವರೆಗೆ ಹನ್ನೊಂದು ಗಂಡುಗಳು ಬಂದುಹೋಗಿದ್ದರು. ಒಬ್ಬನಿಗೆ ಶೇರು ಮಾರುಕಟ್ಟೆ ಪೂರ್ತಿ ಗೊತ್ತಿತ್ತು. ಒಬ್ಬನಿಗೆ ಅವಳ ಮದುವೆ ಯಾಕೆ ತಡವಾಯಿತೆಂದು ಅವಳಿಗಿಂತ ಚೆನ್ನಾಗಿ ಗೊತ್ತಿತ್ತು. ಹನ್ನೊಂದರಲ್ಲಿ ಒಬ್ಬನ ಬಾಯಿಂದಲೂ ಈ ಒಂದು ಪದ ಬಂದಿರಲಿಲ್ಲ. ಹನ್ನೊಂದನೆಯವನು ಎದ್ದುಹೋದ ದಿನ, ಇನ್ನು ಯಾರ ಮುಂದೆಯೂ ಚಹಾದ ತಟ್ಟೆ ಹಿಡಿಯುವುದಿಲ್ಲ ಎಂದು ಗೋದಾಬಾಯಿಗೆ ಹೇಳಿಬಿಟ್ಟಿದ್ದಳು. ಗೋದಾಬಾಯಿ ಬಳಗದ ಗುಂಪಿನಷ್ಟೇ ಮುತುವರ್ಜಿಯಿಂದ ಸಂಬಂಧಗಳನ್ನೂ ನೋಡಿಕೊಳ್ಳುತ್ತಿದ್ದರು.

"ಯಾವಾಗ ಗೊತ್ತಾಗತೈತಿ?" ಎಂದು ಕೇಳಿದಳು.

"ಹೂ ಬಂದ್ರ ಗೊತ್ತಾಗಬಹುದು. ಅಲ್ಲೀತನಾ ಇರ್ಲಿ."

ಕುಡುಗೋಲನ್ನು ಅವಳು ಗೋಡೆಗೆ ಒರಗಿಸಿಟ್ಟಳು.

ಮುಂದಿನ ಭಾನುವಾರ ಅವನು ಹೂ ಬಂದಿದೆಯೇ ನೋಡಲು ಬಂದ. ಬಂದಿರಲಿಲ್ಲ. ಅದರ ಮುಂದಿನ ವಾರವೂ ಬಂದ. ಗಿಡಕ್ಕೆ ಅವಸರವಿರಲಿಲ್ಲ, ಅವನಿಗೂ ಇದ್ದಂತೆ ಕಾಣಲಿಲ್ಲ.

ಕೂಕಟ್‌ಪಲ್ಲಿಯ ನಾಲ್ಕನೇ ಮಹಡಿಯ ಫ್ಲ್ಯಾಟಿನಲ್ಲಿ ತಾಯಿ ತುಳಸಾಬಾಯಿಯ ಜೊತೆ ಇರುತ್ತಾನಂತೆ. ಮಣ್ಣೆಂದರೆ ಅಲ್ಲಿ ಒಂದು ಬಕೆಟ್ ತುಳಸಿ. ಒಮ್ಮೆ ಮದುವೆ ನಿಶ್ಚಯವಾಗಿ ಮುರಿದಿತ್ತಂತೆ. ಯಾಕೆ ಎಂದು ಅವಳು ಕೇಳಿದ್ದಕ್ಕೆ, ಹುಡುಗಿಯ ಕಡೆಯವರು ಹೇಳಲಿಲ್ಲ, ತಾನು ಕೇಳಲಿಲ್ಲ ಎಂದು ಮಣ್ಣು ಸಡಿಲಿಸುತ್ತಲೇ ಹೇಳಿದ. ಅವಳೂ ತನ್ನ ಕಚೇರಿಯ ಕಥೆಗಳನ್ನು ಹೇಳತೊಡಗಿದಳು. ಎರಡು ತಿಂಗಳು ಊರೂರು ತಿರುಗಿ ಕಳಿಸಿದವನ ಮನೆಗೇ ಮರಳಿದ ಉಪ್ಪಿನಕಾಯಿ ಭರಣಿಯ ಕಥೆಗೆ ಅವನು ನಕ್ಕ. ತಾನು ಒಬ್ಬರನ್ನು ನಗಿಸಿದೆ ಎಂಬುದು ಅವಳಿಗೆ ಮಂಗಳವಾರದ ತನಕ ನೆನಪಿತ್ತು.

ಟೈಲ್ಸ್ ಹಾಕುವ ಸುಬ್ಬಣ್ಣ ಎರಡು ಸಲ ಫೋನ್ ಮಾಡಿದ. ಎರಡು ಸಲವೂ ಮುಂದಿನ ವಾರ ಎಂದಳು.

ಅವಳು ರೈತು ಬಜಾರಿಗೆ ಹೋಗಿ ಬರುವಷ್ಟರಲ್ಲಿ ಅಪ್ಪ ಮತ್ತು ಅವನು ಏನೋ ಮಾತಾಡುತ್ತಿರುತ್ತಿದ್ದರು. ಗೇಟಿನ ಸದ್ದಾದರೆ ಇಬ್ಬರೂ ಸುಮ್ಮನೆ. 'ಅಪ್ಪ ಮಾತಾಡುತ್ತಿದ್ದಾರೆ... ಅಷ್ಟೇ ಸಾಕು...' ಎಂದು ಅವಳು ಕೇಳಲು ಹೋಗಲಿಲ್ಲ. ಭಾನುವಾರಗಳಂದು ಬೆಳಿಗ್ಗೆಯೇ ತಲೆ ಬಾಚಿಕೊಳ್ಳತೊಡಗಿದ್ದಳು. ಇದನ್ನು ಅವಳು ಗಮನಿಸಿರಲಿಲ್ಲ. ಗೋದಾಬಾಯಿ ಗಮನಿಸಿದ್ದರು.

ನಾಲ್ಕನೆಯ ವಾರ ಗೋಡೆಯ ಗುಂಟ ಅಗಸೆ ಹೂಬಿಟ್ಟಿತು. ತೊಳೆದು ತೊಳೆದು ಹಳತಾದ ನೀಲಿ ಸೀರೆಯ ಬಣ್ಣ. ಶನಿವಾರ ಸಂಜೆ ಕಚೇರಿಯಿಂದ ಬಂದವಳು ಅದನ್ನು ನೋಡುತ್ತ ನಿಂತಳು. ನಾಳೆ ಅವನಿಗೆ ಅಗಸೆ ಹಿಂಡಿ ಮಾಡಿ ರೊಟ್ಟಿಯ ಜೊತೆ ಕೊಡೋಣ ಅನ್ನಿಸಿತು. ಅವ್ವ ಹೋದ ಮೇಲೆ ಆ ಮನೆಯಲ್ಲಿ ಹಿಂಡಿ ಕುಟ್ಟಿರಲಿಲ್ಲ.

ಸ್ಟೂಲ್ ಹತ್ತಿ ಮೇಲಿನ ಹಲಗೆಯಿಂದ ಅವ್ವನ ಅಗಸೆ ಡಬ್ಬಿ ಇಳಿಸಿದಳು.

ಖಾಲಿ.

ಗುರೆಳ್ಳಿನ ಡಬ್ಬಿ... ಖಾಲಿ. ಹುಗ್ಗಿಗೆಂದು ಅವ್ವ ಇಟ್ಟಿದ್ದ ಕುಸುಬೆ, ಕಡಲೆ... ಎಲ್ಲ ಖಾಲಿ.

ಅವಳು ಸ್ಟೂಲಿನ ಮೇಲೆಯೇ ನಿಂತಿದ್ದಾಗ ಗೋದಾಬಾಯಿ ಬಂದರು. ಪೇಢೆಯ ಪೊಟ್ಟಣ ಹಿಡಿದೇ ಬಂದಿದ್ದರು. ಹುಡುಗ ಹೇಗಿದ್ದಾನೆ ಎಂದು ಕೇಳಿದರು. ಯಾವ ಹುಡುಗ ಎಂದದ್ದಕ್ಕೆ, ಅದೇ ವಿಶ್ವಜಿತ್, ಕಸ ನೋಡಿ ಬಾ ಎಂದು ನೆಪ ಮಾಡಿ ತಾನೇ ಕಳಿಸಿದ್ದು, ತುಳಸಾಬಾಯಿಯದೂ ಒಪ್ಪಿಗೆ ಇದೆ, ವಾರವಾರ ನಿಮ್ಮಪ್ಪನ ಜೊತೆ ಗುಸುಗುಸು ನಡೆದೇ ಇದೆಯಲ್ಲ ಎಂದರು. ಪೇಢೆಯನ್ನೂ ತಾವೇ ಒಂದು ತಿಂದರು.

ಸ್ನೇಹಲತಾಳಿಗೆ ಎಲ್ಲ ಜೋಡಿಯಾಯಿತು. ಗಂಡು ಬರಲು ನೆಪವಾಗಲೆಂದು ಅಪ್ಪ ಡಬ್ಬಿ ಖಾಲಿ ಮಾಡಿ ಅಂಗಳಕ್ಕೆ ಚೆಲ್ಲಿದ್ದು. ಗೋದಾಬಾಯಿ ಆಳು ಕಳಿಸಿದ್ದು. ಅವನು ಹಕ್ಕಿ ಎಂದದ್ದು. ತಾನು ಮೂರ್ಖಳ ಹಾಗೆ ತಲೆ ಬಾಚಿಕೊಂಡದ್ದು... ಹನ್ನೊಂದು ಜನ ಕಡೇಪಕ್ಷ ಮುಂಬಾಗಿಲಿನಿಂದ ಬಂದಿದ್ದರು.

ಮರುದಿನ ಅವನು ಗೇಟು ತೆರೆದಾಗ ಖಾಲಿ ಡಬ್ಬಿಗಳು ಅಂಗಳದ ಕಟ್ಟೆಯ ಮೇಲೆ ಸಾಲಾಗಿದ್ದವು.

"ಒಂದು ಕೇಳಲಿ? ನೀವು ಹೇಳಿದ ಹಕ್ಕಿ, ನಮ್ಮ ಅಡಗಿಮನಿ ಡಬ್ಬಿ ಮುಚ್ಚಳಾ ತಗೀತೇನ್ರಿ?"

ಅವನು ಡಬ್ಬಿಗಳನ್ನು ನೋಡಿದ. ಕುರ್ಚಿಯಲ್ಲಿದ್ದ ಕಲ್ಯಾಣಪ್ಪನವರನ್ನು ನೋಡಲಿಲ್ಲ.

"ಸುಳ್ಳ ಹೇಳಿದೆ. ಖರೇ" ಎಂದ.

"ನೀವು ಕಸಾ ನೋಡಾಕ ಬಂದವರಲ್ಲ. ಕನ್ಯಾ ನೋಡಾಕ ಬಂದವರು."

"ಮೊದಲ್ನೇ ದಿನಾ ಕಸಾ ನೋಡಾಕನ ಬಂದಿದ್ದೆ. ಗೋದಾಬಾಯಿ ಏನೋ ಅಂದಿದ್ರು, ನಾ ಕಿವಿಗೆ ಹಾಕ್ಕೊಂಡಿರಲಿಲ್ಲ." ಭೂತಗನ್ನಡಿಯ ದಾರ ಸರಿಮಾಡಿಕೊಂಡು ಸೇರಿಸಿದ: "ಆಮ್ಯಾಲಿನ ವಾರದ್ದು ಕೇಳಬ್ಯಾಡ್ರಿ. ಅದಕ್ಕ ಸುಳ್ಳ ಹೇಳಾಕ ಆಗೂದಿಲ್ಲ."

ಬೇರೆ ದಿನವಾಗಿದ್ದರೆ ಆ ಮಾತನ್ನು ಅವಳು ಮಡಿಚಿ ಎತ್ತಿಟ್ಟುಕೊಳ್ಳುತ್ತಿದ್ದಳು. ಅಂದು ಅದೂ ಒಂದು ಉಪಾಯದಂತೆ ಕೇಳಿಸಿತು.

"ಹಂಗಾದ್ರ ಹಕ್ಕಿ ಅಂತ ಯಾಕ ಅಂದ್ರಿ? ಅದನ್ನಷ್ಟು ಹೇಳಿ ಹೋಗ್ರಿ."

"ಅದು ನಾ ಹೇಳೂವಂಥದ್ದಲ್ಲ" ಎಂದ. ಚಪ್ಪಲಿ ಮೆಟ್ಟಿಕೊಂಡ. ನಲ್ಲಿಯ ಮೂಲೆಯ ಗಿಡದ ಕಡೆ ಒಮ್ಮೆ ನೋಡಿ, ಗೇಟನ್ನು ಸದ್ದಾಗದಂತೆ ಹಾಕಿಕೊಂಡು ಹೋದ.

ಸ್ನೇಹಲತಾ ಸುಬ್ಬಣ್ಣನಿಗೆ ಫೋನ್ ಮಾಡಿ ನಾಳೆಯೇ ಬಾ ಎಂದಳು. ಕುಡುಗೋಲು ತೆಗೆದುಕೊಂಡು ಗೋಡೆಯ ಬಳಿ ಕೂತಳು. ಅಗಸೆಯ ಮೊದಲ ಬುಡ ಕೈಗೆ ಬಂತು, ಬೇರು ಸಮೇತ.

"ಅದು ನಿಮ್ಮವ್ವಂದು" ಎಂದರು ಕಲ್ಯಾಣಪ್ಪ.

ಅವಳು ತಿರುಗಿದಳು. ಅಪ್ಪ ಕುರ್ಚಿಯಿಂದ ಎದ್ದು ನಿಂತಿದ್ದರು.

"ಎಳ್ಳಮಾಸಿ ದಿನಾ ನೀ ಆಫೀಸಿಗೆ ಹೋಗಿದ್ದಿ. ಈ ವರ್ಷ ಏನೂ ಬ್ಯಾಡಪ್ಪಾ, ದಣಿವಾಗೇತಿ ಅಂದಿದ್ದಿ. ಖರೇನ ದಣಿದಿದ್ದಿ, ನಾ ನೋಡೀನಿ. ಆದ್ರ ಅಕಿ ಈ ಮನಿಗೆ ಬಂದು ಮೂವತ್ತೊಂದು ವರ್ಷ, ಒಂದ್ ಸಲಾನೂ ಚರಗ ತಪ್ಪಿಸಿರಲಿಲ್ಲ."

ಎಳ್ಳಮಾವಾಸ್ಯೆಯ ದಿನ ಅವರ ಊರಾದ ಆಳಂದದ ಕಡೆ ಎಲ್ಲರೂ ಹೊಲಕ್ಕೆ ಹೋಗುತ್ತಾರೆ. ಸೊಪ್ಪು, ಹಸಿಕಾಳು ಕೂಡಿಸಿ ಬೇಯಿಸಿದ ಭಜ್ಜಿ, ಕಡಬು, ಸಜ್ಜೆ ರೊಟ್ಟಿ. ಬಸುರಿ ಭೂಮಿಗೆ ಮೊದಲ ತುತ್ತೆಂದು ಅದನ್ನು ಕೂಗು ಹಾಕುತ್ತ ಹೊಲದ ಸುತ್ತ ಚೆಲ್ಲುವುದೇ ಚರಗ. ಹೊಲ ಬಿಟ್ಟು ಬಂದ ಶರಣಬಸಮ್ಮ ಪ್ರತಿ ವರ್ಷ ಈ ಎರಡು ಮಂಚದ ಅಂಗಳಕ್ಕೇ ಚರಗ ಚೆಲ್ಲುತ್ತಿದ್ದರು. ಗೋಡೆಯ ಗುಂಟ, ಸುತ್ತಲೂ.

"ಅಕಿ ಬೇಯಿಸಿ ಚೆಲ್ಲತಿದ್ಲು. ನನಗ ಒಲಿ ಹಚ್ಚಾಕ ಬರತೈತಿ, ಬೇಯಿಸಾಕ ಬರೂದಿಲ್ಲ. ಡಬ್ಬ್ಯಾಗ ಅಕಿ ಇಟ್ಟದ್ದ ಇತ್ತಲ್ಲ... ಹಸೀವ ಚೆಲ್ಲಿದೆ. ಕೂಗು ಹಾಕಬೇಕು, ಮಂದಿ ಏನಂದಾರು ಅಂತ ಬಾಯಾಗ ಅಂದೆ. ಮೊಳಿತಾವು ಅಂತ ನನಗೇನ್ ಗೊತ್ತು, ನಾ ಪಂಪಿನವ."

"ನನಗ ಯಾಕ ಹೇಳಲಿಲ್ಲಪ್ಪಾ?"

"ಹೇಳಿದ್ರ ನೀ ಅಳತಿದ್ದಿ. ಅವ ಹುಡುಗ ಮೊದಲ್ನೇ ದಿನಾನ ಹಿಡದ್ನವ್ವಾ. ಅವರವ್ವನೂ ಮಾಳಗಿ ಮ್ಯಾಲೆ ಹಿಂಗ ಸುತ್ತೂ ಚೆಲ್ಲತಾಳಂತ. ನನ್ನ ಮಗಳಿಗೆ ಹೇಳಬ್ಯಾಡೋ, ತನ್ನಿಂದ ಹಬ್ಬ ತಪ್ಪಿತು ಅಂತ ನೊಂದ್ಕೋತಾಳ ಅಂತ ನಾನ ಆಣಿ ಹಾಕಿಸಿದ್ದೆ."

ಸ್ನೇಹಲತಾ ಕೈಯಲ್ಲಿದ್ದ ಅಗಸೆಯ ಗಿಡವನ್ನು ನೋಡಿದಳು. ಹೂ ಇನ್ನೂ ಬಾಡಿರಲಿಲ್ಲ. ಅಪ್ಪ ಹೇಳಿದ್ದು ಸರಿಯಾಗಿತ್ತು. ಅವಳು ಅತ್ತಳು. ವರ್ಷದಿಂದ ಮುಂದೂಡುತ್ತ ಬಂದಿದ್ದ ಕೆಲಸಗಳಲ್ಲಿ ಅದೂ ಒಂದು.

ಆಮೇಲೆ ಕಿತ್ತದ್ದನ್ನು ಮತ್ತೆ ಮಣ್ಣಿಗಿಟ್ಟು ನೀರು ಹಾಕಿದಳು. ಸುಬ್ಬಣ್ಣನಿಗೆ ಫೋನ್ ಮಾಡಿ ಬರಬೇಡ ಎಂದಳು. ಟೈಲ್ಸ್ ಮುಂದಿನ ವಾರವೇ ಎಂದು ಅವನು ಕೇಳಿದ. ಇಲ್ಲ, ಬೇಡವೇ ಬೇಡ ಎಂದಳು.

ಮುಂದಿನ ಭಾನುವಾರ ವಿಶ್ವಜಿತ್ ಬರಲಿಲ್ಲ. ಬರಬೇಕೆಂದು ಯಾವ ಬಾಯಿಂದ ಹೇಳುವುದು? ಗೇಟಿನ ಸದ್ದಿಗೆ ಮೂರು ಸಲ ಎದ್ದಳು. ಹಾಲಿನವನು, ಪೇಪರಿನವನು, ಒಂದು ಮೇಕೆ. ಅಪ್ಪ ಮತ್ತೆ ಪೇಪರಿನ ಹಿಂದೆ ಸೇರಿಕೊಂಡಿದ್ದರು.

ಸಂಜೆ ನೀರು ಹಾಕುವಾಗ ನಲ್ಲಿಯ ಮೂಲೆಯ ಗಿಡದ ತುದಿಯಲ್ಲಿ ಏನೋ ಬೆಳ್ಳಗೆ ಕಂಡಿತು. ಸಾಸಿವೆಯಷ್ಟು ಸಣ್ಣದು. ಹೂವು.

ಸೋಮವಾರ ನಸುಕಿಗೆ ಎದ್ದು ಅವಳು ಭಜ್ಜಿ ಮಾಡಿದಳು, ಅಮಾವಾಸ್ಯೆ ಕಳೆದು ಎರಡು ತಿಂಗಳಾದ ಮೇಲೆ. ಅವ್ವ ಮಾಡುವಾಗ ಅವಳು ಯಾವತ್ತೂ ನಿಂತು ನೋಡಿರಲಿಲ್ಲ. ಅಳತೆ ಗೊತ್ತಿರಲಿಲ್ಲ. ಕಲ್ಯಾಣಪ್ಪ ಅಡುಗೆಮನೆಯ ಬಾಗಿಲಲ್ಲಿ ಕಣ್ಣು ಮುಚ್ಚಿ ನಿಂತು, ಮಷಿನ್ನಿಗೆ ಕಿವಿ ಕೊಟ್ಟ ಹಾಗೆ ಬೋಗುಣಿಗೆ ಕಿವಿ ಕೊಟ್ಟರು. ಕುದಿಯುವ ಸದ್ದು ದಪ್ಪಗಾದಾಗ "ಈಗ ಹಿಟ್ಟು ಹಾಕತಿದ್ಲು" ಎಂದರು. ಹಾಕಿದಳು. ಅವ್ವನ ರುಚಿ ಬರಲಿಲ್ಲ. ಅದರ ನೆರೆಮನೆಯ ತನಕ ಬಂತು.

ಅಪ್ಪ ಗೋಡೆಯ ಗುಂಟ ಬೆಂದ ಚರಗ ಚೆಲ್ಲಿದರು. ಈ ಸಲ ಕೂಗು ಹಾಕಿದರು. ಗೋದಾಬಾಯಿಯ ಕಿಟಕಿ ತೆರೆಯಿತು.

ಆಮೇಲೆ ಅವಳು ವಿಶ್ವಜಿತನಿಗೆ ಸಂದೇಶ ಕಳಿಸಿದಳು: 'ಹೂ ಬಂದೈತಿ. ಸಂಜಿ ಆರೂವರಿಗೆ ಕೂಕಟ್‌ಪಲ್ಲಿ ಮೆಟ್ರೋ ಸ್ಟೇಷನ್ ಕೆಳಗ ಇರ್ತೀನಿ.' ಓದಿದ ಗುರುತು ಬಂತು. ಉತ್ತರ ಬರಲಿಲ್ಲ.

ದಿನವಿಡೀ ಟಿಫಿನ್ ಡಬ್ಬಿ ಅವಳ ಮೇಜಿನ ಕೆಳಗಿತ್ತು. ಅಂದು ನೂರಾ ನಾಲ್ಕು ಸಲ ಕ್ಷಮೆ ಕೇಳಿದಳು. ನೂರಾ ಐದನೆಯದು ಸಂಜೆಗೆ ಉಳಿದಿತ್ತು.

ಮೆಟ್ರೋದಲ್ಲಿ ಅವಳು ದಿನಾ ಇಳಿಯುವ ಸ್ಟೇಷನ್ ಬಂತು. ಬಾಗಿಲು ತೆರೆಯಿತು, ಮುಚ್ಚಿತು. 'ಬರದಿದ್ದರೆ...? ಬರದಿದ್ದರೆ ಎದುರಿನ ಗಾಡಿ ಹತ್ತುವುದು, ಅಷ್ಟೇ' ಎಂದುಕೊಂಡಳು. ಅಷ್ಟೇ ಅಲ್ಲ ಎಂದು ಅವಳಿಗೆ ಗೊತ್ತಿತ್ತು.

ಅವನು ಮೆಟ್ಟಿಲ ಕೆಳಗೆ, ಹೂವಿನ ಗಾಡಿಯ ಪಕ್ಕ ನಿಂತಿದ್ದ. ಕೊರಳಲ್ಲಿ ಅದೇ ಭೂತಗನ್ನಡಿ. ತೆಗೆದಿಡಲು ಮರೆತಿದ್ದನೋ ಏನೋ.

ಸ್ನೇಹಲತಾ ಡಬ್ಬಿಯನ್ನು ಮುಂದೆ ಹಿಡಿದಳು.

"ಮೂರು ಭಾಷಾದಾಗ ದಿನಾ ಮಾಫಿ ಕೇಳತೀನಿ" ಎಂದಳು. "ಕನ್ನಡದಾಗ ಹೆಂಗ ಕೇಳಬೇಕು ಗೊತ್ತಾಗವಲ್ದು. ಇದ್ರಾಗ ಭಜ್ಜಿ ಐತಿ."

ಅವನು ಮುಚ್ಚಳ ತೆಗೆದ. ಅಲ್ಲೇ, ಬಸ್ಸು ಆಟೋಗಳ ನಡುವೆ, ಬೆರಳಿನಿಂದ ಸ್ವಲ್ಪ ತೆಗೆದು ಬಾಯಿಗಿಟ್ಟುಕೊಂಡ. ಬಹಳ ಹೊತ್ತು ಅಗಿದ.

"ಅಪ್ಪಾರು ಹೇಳಿದ್ರೇನು?"

"ಹೇಳಿದ್ರು. ನೀವು ಯಾಕ ಹೇಳಲಿಲ್ಲ? ನಾ ಅಷ್ಟು ಅಂದ್ನಲ್ಲ, ಆವಾಗರ..."

"ಹೇಳಿದ್ರ ನಾ ಗೆಲ್ಲತಿದ್ದೆ. ನೀವು ಅಳತಿದ್ರಿ." ಅವನು ಡಬ್ಬಿ ಮುಚ್ಚಿದ. "ಗೆದ್ದು ಏನ್ ಮಾಡೂದೈತಿ."

ಅವಳು ಮೊಬೈಲ್ ತೆಗೆದು ಹೂವಿನ ಫೋಟೋ ತೋರಿಸಿದಳು. ಅವನು ಮೊಬೈಲಿನ ಪರದೆಗೂ ಭೂತಗನ್ನಡಿ ಹಿಡಿದ. ಹೂವಿನ ಗಾಡಿಯವಳು ತನ್ನ ಮಲ್ಲಿಗೆ ಬಿಟ್ಟು ಇವರನ್ನೇ ನೋಡತೊಡಗಿದಳು.

"ಏನದು?"

"ಗೊತ್ತಿಲ್ಲ" ಎಂದ.

"ಹೂ ಬಂದ್ರ ಗೊತ್ತಾಗತೈತಿ ಅಂದಿದ್ರಿ."

"ಆಗಬಹುದು ಅಂದಿದ್ದೆ. ನನ್ನ ಕೆಲಸ ಬೀಜದ್ದಲ್ಲೇನು? ಕಾಯಿ ಆಗಿ ಬೀಜ ಬರಬೇಕು."

"ಅಲ್ಲೀತನಾ?"

"ಅಲ್ಲೀತನಾ ವಾರಾ ವಾರಾ ಬರಬೇಕು. ಈ ಸಲ ಗೋದಾಬಾಯಿ ಕಳಿಸಿದ್ರಂತ ಅಲ್ಲ, ನೀವು ಹೂಂ ಅಂದ್ರ."

ಮೇಲೆ ಗಾಡಿ ಬಂದು ನಿಂತ ಸದ್ದಾಯಿತು. ಎದುರಿನ ಗಾಡಿ, ಅವಳು ಹತ್ತಿ ಹೋಗುತ್ತೇನೆಂದುಕೊಂಡಿದ್ದ ಗಾಡಿ. ಅವಳು ಅದು ಹೊರಡುವ ತನಕ ಕಾದಳು.

"ಹೂಂ" ಎಂದಳು. ಆಮೇಲೆ ಕೇಳಿದಳು, "ಬೀಜ ಬಂದ ಮ್ಯಾಲೆ?"

"ಬಿತ್ತಿ ನೋಡೂಣು."

"ಒಂದು ಮಾತು. ಯಾರ ಬಿತ್ತಿದ್ರು ಅಂತ ಯಾರರ ಕೇಳಿದ್ರ, ಹಕ್ಕಿ ಅನ್ನಬ್ಯಾಡ್ರಿ."

"ಮತ್ತ ಏನ್ ಅನ್ಲಿ?"

ಅವಳು ಅವನ ಕೈಯಿಂದ ಡಬ್ಬಿ ತೆಗೆದುಕೊಂಡಳು. ಅವನ ಮನೆಯ ಕಡೆ ಒಂದು ಹೆಜ್ಜೆ ಇಟ್ಟು, ಅವನು ಜೊತೆಗೆ ಬರಲೆಂದು ನಿಂತಳು.

"ನಾವು ಅನ್ರಿ."